ಹೆಪ್ಪು ಹಾಕಿದ ಎಣ್ಣೆ

ಎಣ್ಣೆ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಸಿದ್ರಾಯನ ಮೂಗಿಗೆ ಹುಳಿ ನಾತ ಬಡಿಯಿತು. ಹುರಿದ ಶೇಂಗಾದ ಘಮ ಬರಬೇಕಾದ ಎಣ್ಣೆ ಅದು. ಆಗಲೇ ಒಂಬತ್ತು ಗಂಟೆ. ಹನ್ನೊಂದಕ್ಕೆ ಗೋಕಾಕದಿಂದ ಉದ್ದಪ್ಪ ಬರುವವನಿದ್ದ. ಅವನ ಅವಲಕ್ಕಿ ಚೂಡಾದ ಅಂಗಡಿಗೆ ಈ ಎಣ್ಣೆ ಹಿಡಿಸಿದರೆ ಮೂಡಲಗಿಯ ಸಿದ್ರಾಯನ ಗಾಣ ವರ್ಷವಿಡೀ ತಿರುಗುತ್ತದೆ. ಹಿಡಿಸದಿದ್ದರೆ ಈ ತಿಂಗಳೇ ಬಾಗಿಲು ಮುಚ್ಚಬೇಕು.

ಧಾರವಾಡದಲ್ಲಿ ಓದಿದ ಸೊಸೆ ಸರಿತಾ ಕಲಿಸಿದ ಕೆಲಸವಿದು. ಶೇಂಗಾ ಹಿಂಡಿಯನ್ನು ನೀರಲ್ಲಿ ಕಲಸಿ, ಎಂಜೈಮ್ ಪುಡಿ ಹಾಕಿ, ಐವತ್ತು ಡಿಗ್ರಿ ಬಿಸಿಯಲ್ಲಿ ಎರಡು ತಾಸು ಇಡಬೇಕು. ಪುಡಿ ಹಿಂಡಿಯನ್ನು ಒಡೆಯುತ್ತದೆ. ಆಮೇಲೆ ಚೂರು ಬೆಲ್ಲ ಸೇರಿಸಿ ಎಣ್ಣೆಯಲ್ಲಿ ಕಾಸಿದರೆ ಘಮ ಎಣ್ಣೆಗೆ ಇಳಿಯುತ್ತದೆ. ಎರಡು ಸಲ ಚೆನ್ನಾಗಿಯೇ ಬಂದಿತ್ತು.

"ಅಕ್ಕಾ, ಇದಕ್ಕೇನ್ ಹಾಕಿದಿ?"

ಅವನ ಅಕ್ಕ ದುಂಡವ್ವ ಸೆರಗಿಗೆ ಕೈ ಒರೆಸಿಕೊಂಡಳು. "ಹೋದ ವಾರದ ಹಿಂಡಿ ಗಂಜಿ ಒಂದ್ ಬಟ್ಲ ತಗದಿಟ್ಟಿದ್ನಿ. ಪುಡಿ ಬದಲಿ ಅದನ್ನ ಹಾಕಿದ್ನಿ. ಹೆಪ್ಪಿಗೆ."

"ಹೆಪ್ಪಿಗೆ? ಇದೇನ್ ಮಸರೇನ? ಎಂಜೈಮ್ ಏನ್ ಮರಿ ಹಾಕ್ತೈತೇನ?"

"ಒದರಬ್ಯಾಡೋ ತಮ್ಮಾ. ಪುಡಿ ತುಟ್ಟಿ, ಪುಡಿ ತುಟ್ಟಿ ಅಂತ ದಿನಾ ಬಡ್ಕೊಳ್ಳಾಂವ ನೀನ. ಹಾಲಿಗೆ ಆಗೂದು ಹಿಂಡಿಗ್ಯಾಕ ಆಗಂಗಿಲ್ಲ?"

"ಪುಡಿ ಉಳದೈತೇನ?"

"ಅರ್ಧಾ ಉಳದೈತಿ. ಹೆಪ್ಪ ಹಾಕಿದ್ದಕ್ಕ ಉಳೀತು."

ಬೈಯಲು ಪುರುಸೊತ್ತಿರಲಿಲ್ಲ. ಹೊಸ ಹಿಂಡಿ ಕಲಸಿ, ಉಳಿದ ಪುಡಿಯಲ್ಲಿ ಒಂದಿಷ್ಟು ಹಾಕಿ ಒಲೆಗಿಟ್ಟ. ಥರ್ಮಾಮೀಟರಿನಲ್ಲಿ ನಲವತ್ತೆಂಟು, ಐವತ್ತೊಂದು, ಐವತ್ತಾರು. ಅರವತ್ತು ದಾಟಿದರೆ ಪುಡಿ ಸತ್ತಂತೆ ಎಂದು ಸರಿತಾ ಹೇಳಿದ್ದಳು. ಎರಡು ತಾಸು ಕೊಳ್ಳಿ ಎಳೆದ, ಮತ್ತೆ ನೂಕಿದ. ಅಂಗಿ ಬೆನ್ನಿಗೆ ಅಂಟಿತು.

ಎಣ್ಣೆ ಕಡಾಯಿಗೆ ಬೀಳುವ ಮೊದಲೇ ಉದ್ದಪ್ಪ ಒಳಬಂದು ಮೂಗು ಮುಚ್ಚಿದ. "ಸಿದ್ರಾಯಣ್ಣಾ, ಏನ್ ಸತ್ತೈತ್ರಿ ಇಲ್ಲಿ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಸಿದ್ರಾಯ ನುಂಗಿದ. "ಒಂದ್ ಡಬ್ಬಿ ಕೆಟ್ಟೈತ್ರಿ. ನಮ್ದ ತಪ್ಪ. ಹೊಸಾದ ಮಾಡಾಕತ್ತೇನಿ. ಅರ್ಧಾ ತಾಸ ಕುಂದರ್ರಿ."

"ಹಿಂಗ ಕೆಡೂ ಎಣ್ಣಿ ನನಗ್ಯಾಕ್ರಿ?" ಉದ್ದಪ್ಪ ಹೊಸ್ತಿಲ ಕಡೆ ತಿರುಗಿದ.

ಆಗ ದುಂಡವ್ವ ಅಡ್ಡ ನಿಂತಳು. "ಕೆಡಿಸಿದಾಕಿ ನಾನ್ರೀ. ಅವನ ಮ್ಯಾಲ್ಯಾಕ ಸಿಟ್ಟ? ಮೂಗ ಐತೆಲ್ಲ, ನಿಂತ ನೋಡ್ರಿ."

ಸಿದ್ರಾಯ ಹಿಂಡಿಯ ಗಂಜಿಯನ್ನು ಎಣ್ಣೆಗೆ ಸುರಿದ, ಬೆಲ್ಲ ಚೆಲ್ಲಿದ. ಕಡಾಯಿ ಚಟಗುಟ್ಟಿತು. ಮೊದಲು ಬರೀ ಹಬೆ. ಅವನು ಸೌಟು ತಿರುವುತ್ತಲೇ ಇದ್ದ. ನೀರು ಆರುತ್ತ ಬಂದಂತೆ ಮೆಲ್ಲಗೆ ಹುರಿದ ಶೇಂಗಾದ ವಾಸನೆ ಎದ್ದಿತು.

ಉದ್ದಪ್ಪ ಎಣ್ಣೆ ಸೋಸಲು ಹೇಳಿದ, ಅದರಲ್ಲಿ ಒಂದು ಮುಷ್ಟಿ ಅವಲಕ್ಕಿ ಕರಿಸಿದ, ಆರಿಸಿ ಬಾಯಿಗೆ ಹಾಕಿಕೊಂಡ. ಅವನ ದವಡೆ ಬಹಳ ಹೊತ್ತು ಆಡಿತು.

"ಮೊದಲ ಎಂಟ್ ಡಬ್ಬಿ ಕಳಸ್ರಿ," ಎಂದ ಉದ್ದಪ್ಪ. "ಎಂಟೂ ಹಿಂಗ ಇರಬೇಕ ಮತ್ತ. ಒಂದ್ ಹುಳಿ ಬಂತಂದ್ರ ಎಂಟೂ ತಿರಿಗಿ ನಿಮ್ಮ ಬಾಗಲಾಗ."

ಸಿದ್ರಾಯ ಹಿಂಡಿಯ ಚೀಲದ ಮೇಲೆ ಕುಳಿತ. ಎಂಟು ಡಬ್ಬಿಗೆ ಸಾಲುವಷ್ಟು ಪುಡಿ ಉಳಿದಿದೆಯೇ ಎಂದು ಪೊಟ್ಟಣ ಬಿಚ್ಚಿ ನೋಡಲು ಅವನಿಗೆ ಧೈರ್ಯ ಬರಲಿಲ್ಲ.