ಅಮ್ಮ ಹೇಳಿಕೊಡದ ಪುಟ

ಗುಡ್ಡಗಳೂ ಕಂಬಳಿ ಹೊದ್ದು ಕೂರುವ ನಾಡೊಂದರಲ್ಲಿ ಕಿವಿಯಿಂದಲೇ ಉಣ್ಣುವ ಹುಡುಗಿಯೊಬ್ಬಳಿದ್ದಳಂತೆ. ಯಾರು ಏನೇ ಹೇಳಲಿ, ಅದು ಅವಳ ಹೊಟ್ಟೆ ಸೇರಿ ಅಲ್ಲೇ ಉಳಿಯುತ್ತಿತ್ತಂತೆ. ಪಾಪ, ಕಣ್ಣು ಮಾತ್ರ ಉಪವಾಸ.

ಹುಡುಗಿಯ ಹೆಸರು ನ್ಯಾಕಲ್ಲೊ. ಮೂರನೇ ತರಗತಿಯ ಎಪ್ಪತ್ತು ಮಕ್ಕಳು ಒಂದೇ ಉಸಿರಿಗೆ ಪಾಠ ಒಪ್ಪಿಸುವಾಗ ಅವಳ ದನಿಯೇ ಮುಂದು. ಕುಲದ ಬಿರುದುಗಳನ್ನೆಲ್ಲ ಅಜ್ಜಿಯ ಬಾಯಿಂದ ಒಮ್ಮೆ ಕೇಳಿ ಒಪ್ಪಿಸಿದ್ದ ಮಗುವಿಗೆ ಪುಸ್ತಕ ಯಾವ ಲೆಕ್ಕ? ಹಾಗಾಗಿ ಅವಳಿಗೆ ಓದಲು ಬಾರದೆಂದು ಯಾರಿಗೂ ಹೊಳೆಯಲೇ ಇಲ್ಲ. ಬರೆಯುವ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ ಅದೇ ತರಗತಿಯಲ್ಲಿ ಕೂತಾಗ ಸೋಮಾರಿ ಎಂದರು, ಅಷ್ಟೆ. ಹೊಸ ಟೀಚರು ಫೋಲೊ ಒಂದು ದಿನ ಪುಟವನ್ನು ಅಂಗೈಯಿಂದ ಮುಚ್ಚಿದರು. ಮಗು ನಿಲ್ಲಿಸದೆ ಓದುತ್ತಲೇ ಹೋಯಿತು.

ತಾಯಿ ಮಾಥಾತೊಳನ್ನು ಶಾಲೆಗೆ ಕರೆಸಿದರು.

"ದಡ್ಡಿ ಅಲ್ಲ ಕಣಮ್ಮ ಇವ್ಳು. ಅಕ್ಷರ ಕಣ್ಮುಂದೆ ನಿಲ್ಲಲ್ಲ, ಕುಣೀತವೆ. ಇಂಥ ಮಕ್ಕಳಿರ್ತಾರೆ. ಮನೇಲಿ ಯಾರು ಓದಿಸೋದು?"

"ನಾನೇ."

"ತಡವರಿಸಿದ್ರೆ?"

"ಹೇಳ್ಕೊಟ್ಬಿಡ್ತೀನಿ. ಹೊತ್ತು ಮುಳುಗೋ ತನಕ ಫ್ಯಾಕ್ಟರೀಲಿ ಜೀನ್ಸ್ ಹೊಲ್ದು ಬರೋಳಿಗೆ, ಅವ್ಳು ಹುಡುಕ್ಲಿ ಅಂತ ಕಾಯೋಕೆ ಜೀವ ಎಲ್ಲಿದೆ ಟೀಚರ್?"

ಹೇಳಿದ ಮೇಲೆಯೇ ಅವಳಿಗೆ ತಿಳಿದದ್ದು: ಇಷ್ಟು ದಿನ ಓದಿದ್ದು ತಾನು, ಮಗಳಲ್ಲ.

ಹೆಡ್‌ಮಾಸ್ತರರು ಹುಡುಗಿಯನ್ನು ಮೂರನೇ ಸಲವೂ ಅಲ್ಲೇ ಕೂರಿಸುವವರಿದ್ದರು, ಈ ಬಾರಿ ಅದೇ ತರಗತಿಗೆ ಬರಲಿದ್ದ ತಮ್ಮನ ಪಕ್ಕದಲ್ಲಿ. ಹಾಗಾದರೆ ಶಾಲೆಯ ಕಡೆ ತಲೆಹಾಕಿಯೂ ಮಲಗುವುದಿಲ್ಲ ಎಂದಿದ್ದಳು ನ್ಯಾಕಲ್ಲೊ. ಅವಳು ಹೇಳಿದ್ದನ್ನು ಮಾಡುವವಳು. ಮಾಥಾತೊ ಹೆಡ್‌ಮಾಸ್ತರರಿಗೆ ಮಾತು ಕೊಟ್ಟಳು: ವರ್ಷದ ಶಾಲೆ ಮುಚ್ಚುವ ಮೊದಲು, ಮಗಳು ಎಂದೂ ಕೇಳಿರದ ಒಂದು ಪುಟವನ್ನು ಅವಳಿಂದ ಇಡೀ ತರಗತಿಯ ಮುಂದೆ ಓದಿಸುತ್ತೇನೆ, ಆಗ ಮುಂದಿನ ತರಗತಿಗೆ ಕಳಿಸಿ.

ಟೀಚರು ಮಧ್ಯಾಹ್ನದ ಊಟವಾದ ಮೇಲೆ ದಿನವೂ ಹತ್ತು ನಿಮಿಷ ಜೊತೆಗೆ ಕೂತರು. ರಟ್ಟಿನಲ್ಲೊಂದು ಕಿಂಡಿ ಕೊರೆದು, ಕಿಂಡಿಗೆ ಒಂದೇ ಪದ ಬರುವಂತೆ ಪುಟದ ಮೇಲಿಟ್ಟು ಸರಿಸಿದರು. ಮನೆಯಲ್ಲಿ ಕ್ರಿಸ್‌ಮಸ್‌ಗೆಂದು ಗೋಡೆಗೆ ಸಗಣಿಮಣ್ಣು ಮೆತ್ತುವ ಕಾಲ. ಚಿತ್ತಾರ ಗೀರುವ ಮೊದಲು ಮಾಥಾತೊ ಹಸಿಗೋಡೆಯ ಮೇಲೆ ತೋಳುದ್ದದ ಅಕ್ಷರಗಳನ್ನು ಬರೆಸಿದಳು.

"ಅಕ್ಕಾ, ನಿನ್ನ ಅಕ್ಷರ ತಲೆಕೆಳಗಾಗಿ ನಿಂತಿದೆ! ಪಾಪ, ಅದಕ್ಕೆ ತಲೆ ಸುತ್ತಲ್ವಾ?" ತಮ್ಮ ನಕ್ಕ.

"ಮುದ್ದೆ ನುಂಗೋ ಬಾಯಿ, ಮುಚ್ಕೊಂಡಿರು!"

ನಿನ್ನೆ ಬಂದದ್ದು ಇವತ್ತು ಇರುತ್ತಿರಲಿಲ್ಲ. ಮತ್ತೆ ಮೊದಲಿಂದ. ಮೆತ್ತಿದ್ದನ್ನು ಒರೆಸಿ, ಮತ್ತೆ ಮೆತ್ತಿ. ತಾಯಿಗೆ ಎಲ್ಲಕ್ಕಿಂತ ಕಷ್ಟದ ಕೆಲಸವೆಂದರೆ ಹೇಳಿಕೊಡದೆ ಸುಮ್ಮನಿರುವುದು. ಪದ ನಾಲಿಗೆಯ ತುದಿಗೆ ಬಂದು ಕೂತಿರುತ್ತಿತ್ತು. ಒಂದು ಸಲ ಉಸುರಿದರೆ ಅವತ್ತಿನ ಓದು ಮುಗಿದು, ಮೈ ಚಾಚಬಹುದಿತ್ತು.

"ಹೇಳಮ್ಮಾ, ಇದೊಂದೇ."

"ಊಹೂಂ."

"ನಿಂಗೇ ಬರಲ್ಲ, ಅದ್ಕೇ!"

"ಹೂಂ, ಬರಲ್ಲ. ನೀನೇ ಓದಿ ಹೇಳು, ನಾನೂ ಕಲೀತೀನಿ."

ಎಷ್ಟೋ ಸಂಜೆ ಕಾಯುತ್ತ ಕೂತಲ್ಲೇ ತೂಕಡಿಸಿದಳು. ಕಣ್ಣು ಬಿಟ್ಟರೆ ಮಗಳ ಬೆರಳು ಅದೇ ಸಾಲಿನ ಮೇಲಿರುತ್ತಿತ್ತು.

ಕೊನೆಯ ದಿನ ಫ್ಯಾಕ್ಟರಿಯ ಮೇಲ್ವಿಚಾರಕನ ಕೈಕಾಲು ಹಿಡಿದು ಅರ್ಧ ದಿನ ಬಿಡಿಸಿಕೊಂಡು, ಮಾಥಾತೊ ಹಿಂದಿನ ಬೆಂಚಿನಲ್ಲಿ ಕೂತಳು. ಟೀಚರು ಹೊಸ ಪುಸ್ತಕ ತೆರೆದರು. ಹೊಳೆ ದಾಟಲೊಲ್ಲದ ಹಸುವಿನ ಕಥೆ, ಒಂಬತ್ತು ಸಾಲು.

ಮೊದಲ ಸಾಲಿಗೇ ಬೆವರು. ಮೂರನೆಯದಕ್ಕೆ ಯಾರೋ ಕಿಸಕ್ಕೆಂದರು. ಐದನೆಯದರಲ್ಲಿ ಬೆರಳು ನಿಂತೇಬಿಟ್ಟಿತು. ನ್ಯಾಕಲ್ಲೊ ತಲೆಯೆತ್ತಿ ಅಮ್ಮನ ತುಟಿ ನೋಡಿದಳು. ಮಾಥಾತೊ ತುಟಿ ಬಿಗಿದು ತನ್ನ ಬೂಟನ್ನೇ ದಿಟ್ಟಿಸಿದಳು. ಮಗಳು ಎಷ್ಟು ಹೊತ್ತು ಕಾದಳೋ. ಆಮೇಲೆ ಕಾಯುವುದನ್ನು ಬಿಟ್ಟು ಪುಟಕ್ಕೆ ಹಿಂದಿರುಗಿದಳು.

ಗಂಟೆ ಹೊಡೆಯಿತು. ಎದ್ದ ಮಕ್ಕಳನ್ನು ಟೀಚರು ಕಣ್ಣಲ್ಲೇ ಕೂರಿಸಿದರು.

"ಹಸು... ದಾ... ದಾಟಿತು," ಎಂದಳು ನ್ಯಾಕಲ್ಲೊ. "ಬಾ... ಬಾಲ... ಮಾ... ಮಾತ್ರ... ಒದ್... ಒದ್ದೆ."

ಮುಂದಿನ ಪದಕ್ಕಾಗಿ ಬೆರಳು ತಡಕಿತು. ಪುಟ ಮುಗಿದಿತ್ತು.