ಕಿಂಡಿಯಲ್ಲಿ ಬಂದ ಕಾಲು

"ಏಯ್ ಮುಂಡೇವಾ, ಬರೀ ನೀವ್ ಬಚ್ಚಿಟ್ಕೊಂಡ್ರೆ ಆಯ್ತಾ? ಚಪ್ಪಲಿ ಎತ್ಕೊಂಡ್ ಹೋಗೋಕೆ ನಿಮ್ಮಪ್ಪ ಬರ್ತಾನಾ?"

ಮೇಸ್ತ್ರಿಯ ಬೈಗುಳ ಕೇಳಿ ಕಾಜಕ್ಕ ತನ್ನ ಚಪ್ಪಲಿಯನ್ನೂ ತುಂಬುಬಸುರಿ ತಂಗಿಯ ಚಪ್ಪಲಿಯನ್ನೂ ಕಂಕುಳಲ್ಲಿ ಇರುಕಿಕೊಂಡು ಚಿಂದಿ ಕೋಣೆಗೆ ನಡೆದಳು. ಅಂಗಿಗಳಿಗೆ ಕಾಜಾ ಹೊಲಿದೂ ಹೊಲಿದೂ ಅವಳಿಗೆ ಆ ಹೆಸರು ಅಂಟಿತ್ತು. ಹಿಂದೆ ತಂಗಿ, ಇನ್ನೂ ಹತ್ತು ಹೆಂಗಸರು. ಮೇಸ್ತ್ರಿ ಹೊರಗಿನಿಂದ ಚಿಲಕ ಜಡಿದ.

ಆ ಹೊಲಿಗೆ ಕಾರ್ಖಾನೆಯಲ್ಲಿ ಇದ್ದದ್ದು ಅರವತ್ತೊಂದು ಜನ. ಸರ್ಕಾರದ ಲೆಕ್ಕದಲ್ಲಿ ನಲವತ್ತೊಂಬತ್ತರವರೆಗೆ ಸಣ್ಣ ಉದ್ಯಮ. ಐವತ್ತಾಯಿತೋ, ಮಧ್ಯಮ, ಆಗ ಕೂಸು ಮಲಗಿಸಲು ಒಂದು ಕೋಣೆ, ನೋಡಿಕೊಳ್ಳಲು ಒಬ್ಬ ಆಯಾ ಇರಲೇಬೇಕು. ಸಾಹುಕಾರನ ಮನೆ ಮೂರಂತಸ್ತಾಯಿತು, ಹೊಟ್ಟೆ ವರ್ಷ ವರ್ಷವೂ ಬೆಳೆಯಿತು, ಪಾಪ, ಕಾರ್ಖಾನೆಯೊಂದು ಮಾತ್ರ ಹನ್ನೆರಡು ವರ್ಷದಿಂದ ಸಣ್ಣದಾಗಿಯೇ ಉಳಿದಿತ್ತು.

ತಂಗಿಗೆ ಮುಂದಿನ ತಿಂಗಳು ದಿನ ತುಂಬುತ್ತಿತ್ತು. "ಕೂಸು ಕಟ್ಕೊಂಡ್ ಬರೋದಾದ್ರೆ ಬರ್ಲೇಬೇಡ" ಎಂದು ಸಾಹುಕಾರ ಆಗಲೇ ಹೇಳಿಬಿಟ್ಟಿದ್ದ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ಕೂಸಿನ ಕೋಣೆ ಬಂದರೆ ಕೆಲಸ ಉಳಿದೀತು, ಇಲ್ಲದಿದ್ದರೆ ಹೋಯಿತು.

ಜನ ಎಣಿಸಲು ಬರುವ ಅಧಿಕಾರಿಗೆ ಹತ್ತಿಯ ಧೂಳು ಆಗದು; ಒಳಗೆ ಕಾಲಿಟ್ಟರೆ ಒಂದೇ ಸಮನೆ ಸೀನು. ಹಾಗಾಗಿ ಜಗಲಿಯಲ್ಲೇ ಕುರ್ಚಿ ಹಾಕಿಸಿಕೊಂಡು, ಅಲ್ಲಿ ಬಿಟ್ಟ ಚಪ್ಪಲಿ ಜೋಡಿಗಳನ್ನೇ ಎಣಿಸಿ ಬರೆದುಕೊಂಡು ಹೋಗುತ್ತಿದ್ದ.

"ನಲವತ್ತೆಂಟು... ನಲವತ್ತೊಂಬತ್ತು. ಸಣ್ಣದು" ಎಂದ ಅವನ ದನಿ ಅಂದು ಚಿಂದಿ ಕೋಣೆಯೊಳಗೂ ಕೇಳಿಸಿತು.

"ಬಡವನ ಅಂಗಡಿ ಸಾರ್" ಎಂದು ಸಾಹುಕಾರ ಹಲ್ಲುಗಿಂಜಿದ.

"ಅಕ್ಕಾ, ಉಸ್ರು ಕಟ್ತಿದೆ ಕಣೇ" ಎಂದಳು ತಂಗಿ.

ಕಾಜಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಗೋಡೆಯ ಬುಡದಲ್ಲಿ ಚಿಂದಿ ಹೊರತಳ್ಳುವ ಕಿಂಡಿ ಜಗಲಿಗೇ ತೆರೆದಿತ್ತು. ಅದರಲ್ಲಿ ತನ್ನ ಚಪ್ಪಲಿಗಳನ್ನು ಒಂದೊಂದಾಗಿ ಹೊರಗೆಸೆದಳು. ಎರಡನೆಯದು ಅಧಿಕಾರಿಯ ಫೈಲಿನ ಮೇಲೆಯೇ ಬಿತ್ತು.

"ಇದೇನ್ರೀ, ಐವತ್ತು?"

"ಹಳೇ ಚಪ್ಪಲಿ ಸಾರ್. ಚಿಂದಿ ಜೊತೆ ಬಿಸಾಕ್ತಾರೆ."

"ಹಳೇದಂತೆ ಬೋಳಿಮಗಂದು!" ಕಾಜಕ್ಕ ನೆಲಕ್ಕೆ ಕೂತು ಕಿಂಡಿಯಲ್ಲಿ ಮೊಣಕಾಲವರೆಗೂ ಕಾಲು ತೂರಿಸಿ ಬೆರಳಾಡಿಸಿದಳು. "ಇದೂ ಹಳೇದಾ, ಸ್ವಲ್ಪ ನೋಡಿ ಹೇಳಿ ಸಾರ್!"

ಮೇಸ್ತ್ರಿ ಓಡಿಬಂದು ಆ ಕಾಲಿಗೆ ಒದ್ದ. ಕಣ್ಣಲ್ಲಿ ನೀರು ಬಂತು, ಆದರೆ ಅವಳು ಕಾಲು ಎಳೆದುಕೊಳ್ಳಲಿಲ್ಲ.

"ಏಯ್, ತಡಿಯಯ್ಯಾ!" ಎಂದು ಅಧಿಕಾರಿ ಎದ್ದು ನಿಂತ. "ಯಾರಮ್ಮಾ ಒಳಗೆ? ಎಷ್ಟ್ ಜನ ಇದೀರಿ?"

ಆಗ ಕಾಜಕ್ಕ ಸರಿದು ಜಾಗ ಬಿಟ್ಟಳು. ತಂಗಿಯ ಬಾತುಕೊಂಡ ಕಾಲು ಮೆಲ್ಲಗೆ ಹೊರಬಂತು.

"ಹನ್ನೆರಡು ಸಾರ್" ಎಂದಳು ಕಾಜಕ್ಕ. "ಈ ಕಾಲಿನವಳನ್ನ ಮಾತ್ರ ಇಬ್ರು ಅಂತ ಬರ್ಕೊಳ್ಳಿ. ಕೋಣೆ ಬೇಕಾಗಿರೋದು ಆ ಇನ್ನೊಬ್ರಿಗೇ."