ಹೊಂಡದ ಬದಿಯ ಮಗು

"ನಾಯಿ ಕಟ್ಟಿದ ಹಾಗೆ ಕಟ್ಟಿದೀಯಲ್ಲೇ! ಹೆತ್ತೋಳಾ ನೀನು, ಕಟುಕಳಾ?"

ಮಾತು ಬದುವಿನ ಮೇಲಿಂದ ಬಂತು. ದುರ್ಗಮ್ಮ ತಲೆ ಎತ್ತಿದಳು. ಬೆಳಗಿನಿಂದ ಕೂತು, ಕಿತ್ತ ಶುಂಠಿಯ ಬುಡದ ಮಣ್ಣು ಉದುರಿಸಿ, ಬೇರು ಹರಿದು, ಗೆಡ್ಡೆಯನ್ನು ರಾಶಿಗೆ ಎಸೆಯುತ್ತಿದ್ದ ಕೈ ಹಾಗೆಯೇ ನಿಂತಿತು. ಸಾಲಿನಲ್ಲಿದ್ದ ಉಳಿದ ಹೆಂಗಸರೂ ನೋಡಿದರು. ರಸ್ತೆ ಬದಿಗೆ ಸರ್ಕಾರಿ ಜೀಪು ನಿಂತಿತ್ತು. ಕಪ್ಪು ಕನ್ನಡಕವನ್ನು ತಲೆಗೇರಿಸಿಕೊಂಡು ಬದುವಿನ ಮೇಲೆ ನಿಂತಿದ್ದವಳು ಮಕ್ಕಳ ರಕ್ಷಣೆಯ ಅಧಿಕಾರಿ ವಿನಯಾ. ಅವಳ ಹಿಂದೆ ಒಬ್ಬಳು ಪೊಲೀಸಿನವಳು.

ಮಗು ಮತ್ತಿಮರದ ಬುಡದಲ್ಲಿತ್ತು. ಹೆಸರು ವರದಾ. ಎರಡು ತುಂಬಿತ್ತು. ಸೊಂಟಕ್ಕೆ ಹಳೆಯ ಸೀರೆಯ ಸೀಳು, ಅದರ ಇನ್ನೊಂದು ತುದಿ ಮರಕ್ಕೆ. ಅದು ಮಣ್ಣಿನಲ್ಲಿ ಕೂತು ಒಂದು ಶುಂಠಿ ಗೆಡ್ಡೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಟ್ಟುತ್ತಿತ್ತು. ಹಿಂದಿನ ವಾರ ಜೋಗಕ್ಕೆ ಹೊರಟ ಯಾರೋ ಆನಂದಪುರ ದಾಟಿ ಇಲ್ಲಿ ಕಾರು ನಿಲ್ಲಿಸಿ, ಈ ಮಗುವಿನ ಫೋಟೊ ಹೊಡೆದುಕೊಂಡು ಹೋಗಿದ್ದರು. ಅದು ಮೊಬೈಲಿನಿಂದ ಮೊಬೈಲಿಗೆ ಹಾರಿ ಸರ್ಕಾರದ ತನಕ ಮುಟ್ಟಿತ್ತು. ಶುಂಠಿ ಸಾಲಿನವರಿಗೆ ಅದೇನೂ ತಿಳಿದಿರಲಿಲ್ಲ.

ನಡೆಯಲು ಕಲಿತ ಮಕ್ಕಳನ್ನು ಇಲ್ಲಿ ಎಲ್ಲರೂ ಹೀಗೆಯೇ ಕಟ್ಟುತ್ತಿದ್ದರು. ಮತ್ತಿಮರದಿಂದ ಕೆಳಕ್ಕೆ, ಕೂಗಳತೆಯಲ್ಲಿ, ಹೊಲದ ಒಡೆಯ ಮಂಜುನಾಥಪ್ಪನ ಕೃಷಿಹೊಂಡ. ಇಳಿಜಾರಿಗೆಲ್ಲ ನೀಲಿ ಟಾರ್ಪಾಲು ಹಾಸಿ, ಅದರ ಮೇಲೆ ಪಾಚಿ ಕಟ್ಟಿತ್ತು. ದೊಡ್ಡವರು ಜಾರಿದರೂ ಕೈಗೆ ಹಿಡಿತ ಸಿಗದು. ಸುತ್ತ ಬೇಲಿ ಇರಲಿಲ್ಲ.

"ಸುಮ್ನೆ ಕಟ್ಟಿಲ್ಲ ಮೇಡಮ್ಮೋರೆ," ದುರ್ಗಮ್ಮ ಎದ್ದು ಕೈ ಸೆರಗಿಗೆ ಒರೆಸಿಕೊಂಡಳು. ತನ್ನ ಕೆಲಸ ಚೆನ್ನಾಗಿದೆ ಎಂದು ತೋರಿಸುವವಳ ಉತ್ಸಾಹ ಅವಳಿಗೆ. "ಅಳತೆ ಮಾಡಿ ಕಟ್ಟೀನಿ. ಬೇಕಾರೆ ನೋಡ್ರಿ, ಎತ್ಲಾಗೆ ಹೋದ್ರೂ ನೆರಳು ಸಿಕ್ತದೆ, ಹೊಂಡ ಸಿಕ್ಕಲ್ಲ. ಗಂಟು ಬೆನ್ನಿಗೆ ಹಾಕೀನಿ, ಅದ್ರ ಕೈಗೆ ಎಟುಕಲ್ಲ. ಎಷ್ಟ್ ಜಗ್ಗಿದ್ರೂ ಬಿಚ್ಚಲ್ಲ."

"ಬಿಚ್ಚಲ್ಲ," ಎಂದು ವಿನಯಾ ಬರೆದುಕೊಂಡಳು. "ಅಂಗನವಾಡಿ ಯಾತಕ್ಕಿದೆ?"

"ಮೂರು ವರ್ಷ ಆಗ್ಲಿ ಅಂತಾರೆ."

"ಮನೇಲಿ ಬಿಟ್ಟು ಬರಬೇಕು."

"ಮನೇಲಿ ಯಾರವ್ರೆ? ಗಂಡ ಅಲ್ಲಿ ಗುದ್ಲಿ ಹಿಡ್ಕಂಡವ್ನೆ, ನಾನಿಲ್ಲಿ."

"ನೋಡಿಕೊಳ್ಳೋಕೆ ಯೋಗ್ಯತೆ ಇಲ್ಲದೋರು ಹೆರಬಾರದು," ಎಂದಳು ವಿನಯಾ. "ಮಗು ನಿನ್ನ ಆಸ್ತಿ ಅಲ್ಲ, ತಿಳ್ಕೋ. ಅದರ ಜವಾಬ್ದಾರಿ ಸರ್ಕಾರದ್ದು."

ಸಾಲಿನಲ್ಲಿ ಹಿರಿಯಳಾದ ಹುಚ್ಚಮ್ಮ ಕೂತಲ್ಲಿಂದಲೇ ಅಂದಳು: "ಹೆರ್ವಾಗ ಸರ್ಕಾರ ಎಲ್ಲಿ ಸತ್ತಿತ್ತಂತೆ?"

ಪೊಲೀಸಿನವಳು ಲಾಠಿ ತೋರಿಸಿ, "ಮುಚ್ಚೇ ಮುದುಕಿ," ಎಂದಳು. ಆಮೇಲೆ ಬಗ್ಗಿ ಮಗುವಿನ ಬೆನ್ನಿನ ಗಂಟಿಗೆ ಕೈ ಹಾಕಿದಳು. ಅದು ಬರಲಿಲ್ಲ. ಬೆಳಗಿನ ಇಬ್ಬನಿಗೆ ನೆನೆದು ಬಿಸಿಲಿಗೆ ಬಿಗಿದಿತ್ತು. ವಿನಯಾಳೂ ಉಗುರು ಹಾಕಿ ನೋಡಿದಳು. ಮಗು ಅಳತೊಡಗಿತು.

"ನೀನೇ ಬಿಚ್ಚು ಬಾ," ಎಂದಳು ದುರ್ಗಮ್ಮನಿಗೆ. "ಅಳಿಸಬೇಡ."

ಮೇಡಮ್ಮೋರು ಬೈದು, ಬುದ್ಧಿ ಹೇಳಿ ಹೋಗುತ್ತಾರೆ ಎಂದುಕೊಂಡಿದ್ದ ದುರ್ಗಮ್ಮ ಮಂಡಿಯೂರಿ, ಹಲ್ಲು ಹಚ್ಚಿ ಗಂಟು ಸಡಿಲಿಸಿದಳು. ಹೊತ್ತಲ್ಲದ ಹೊತ್ತಿನಲ್ಲಿ ತಾಯಿ ಬಿಚ್ಚಿದಳೆಂದರೆ ಹಾಲು ಕೊಡುತ್ತಾಳೆ ಎಂದೇ ಲೆಕ್ಕ. ವರದಾ ಅಳು ನಿಲ್ಲಿಸಿ ಅವಳ ರವಿಕೆಗೆ ಕೈ ಹಾಕಿತು. ಆ ಕೈಯನ್ನು ಬಿಡಿಸಿ ಪೊಲೀಸಿನವಳು ಮಗುವನ್ನು ಎತ್ತಿಕೊಂಡಳು.

ಗಂಡ ಭೂತಪ್ಪ ಗುದ್ದಲಿ ಬಿಸಾಕಿ ಓಡಿ ಬರುವಷ್ಟರಲ್ಲಿ ಜೀಪು ರಸ್ತೆಗೆ ಏರಿತ್ತು.

*

ಮಾರನೆಯ ದಿನವೇ ಹೊಂಡದ ಸುತ್ತ ಕಲ್ಲುಕಂಬ ನಿಂತವು. ಹಸಿರು ಬಲೆ ಬಂತು. ಮಂಜುನಾಥಪ್ಪ ತಾನೇ ನಿಂತು ಎಳೆಸಿದ, ನಾಲ್ಕೂ ಮೂಲೆಯಿಂದ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡ. ಬಲೆ ಬಿಗಿದ ಆಳುಗಳಲ್ಲಿ ಭೂತಪ್ಪನೂ ಇದ್ದ.

ಸಂಜೆ ಗಂಡ ಹೆಂಡತಿ ಮಂಜುನಾಥಪ್ಪನ ಮನೆಯಂಗಳದಲ್ಲಿ ನಿಂತರು. ಅವನ ಅಜ್ಜ ಇದೇ ನೆಲಕ್ಕೆ ಗೇಣಿ ಅಳೆಯುತ್ತ ಬೇರೆಯವರ ಅಂಗಳದಲ್ಲಿ ಹೀಗೆಯೇ ನಿಂತವನು. ಈಗ ಮೊಮ್ಮಗ ಜಗುಲಿಯ ಮೇಲೆ ಕುರ್ಚಿ ಹಾಕಿಕೊಂಡಿದ್ದ. ಅವನ ಹೆಂಡತಿ ಜಲಜಮ್ಮ ಅಂಗಳದ ತುಳಸಿಯ ಆಚೆ ಎರಡು ಪೇಪರ್ ಲೋಟದಲ್ಲಿ ಚಾ ಇಟ್ಟು, "ಕುಡ್ದು ಲೋಟನ ತಿಪ್ಪೆಗೆ ಹಾಕ್ರೆ," ಎಂದು ಒಳಗೆ ಹೋದಳು.

"ಮಕ್ಕಳ ಕಮಿಟಿ ಕರ್ದೈತಲ್ಲ, ಅವ್ರ ಮುಂದೆ ಎಂತ ಹೇಳ್ತೀಯೇ?" ಎಂದ ಮಂಜುನಾಥಪ್ಪ.

"ಇದ್ದಿದ್ ಹೇಳ್ತೀನಿ ಒಡೇರೆ. ಹೊಂಡ ಐತೆ, ಅದ್ಕೆ ಕಟ್ಟೀನಿ ಅಂತ."

"ಹೊಂಡ! ಎಂತ ಹೊಂಡನೇ ನಿನ್ ಕರ್ಮದ್ದು? ಬೇಲಿ ಇರೋ ಹೊಂಡಕ್ಕೆ ಹೆದ್ರಿ ಮಗೂನ ಕಟ್ತಾರಾ ಅಂತ ಕೇಳ್ತಾರೆ."

"ಬೇಲಿ ಇವತ್ತು ಬಂತಲ್ರಾ."

"ಯಾರು ನೋಡ್ಯಾರೆ ಇವತ್ತು ಬಂದಿದ್ದು?" ಅವನು ಭೂತಪ್ಪನ ಕಡೆ ತಿರುಗಿದ. "ಏ ಬೋಳಿಮಗನೆ, ನೀನಾರೂ ಹೇಳೋ ಇವಳಿಗೆ. ಹೋದ್ವರ್ಷ ಎಂತ ಹೇಳಿಕೆ ಕೊಟ್ಟೀರಿ ನೀವು? ನೆಪ್ಪೈತಾ?"

ಹೋದ ವರ್ಷ ಅವರ ದೊಡ್ಡ ಮಗ ಕಿರಣ್ ಸತ್ತಿದ್ದ. ಐದು ವರ್ಷದವನು. ಕಟ್ಟುವ ವಯಸ್ಸು ದಾಟಿತ್ತು, ಕಟ್ಟಿರಲಿಲ್ಲ. ಹೊಂಡದ ಟಾರ್ಪಾಲಿನ ಮೇಲೆ ಜಾರಾಟ ಆಡಲು ಹೋಗಿ ನೀರಿಗಿಳಿದವನು ಮೇಲೆ ಬರಲಿಲ್ಲ. ಹೆಣ ತೆಗೆದು ಮಲಗಿಸಿದ ಗಳಿಗೆಯಲ್ಲಿಯೇ ಮಂಜುನಾಥಪ್ಪ ಭೂತಪ್ಪನ ಹೆಗಲ ಮೇಲೆ ಕೈ ಹಾಕಿದ್ದ. ಹೊಂಡ ಅಂದರೆ ಕೇಸಾಗುತ್ತದೆ, ಆಸ್ಪತ್ರೆಯಲ್ಲಿ ಮಗುವನ್ನು ಕೊಯ್ಯುತ್ತಾರೆ, ಹೊಲ ಬಂದಾಗಿ ಎಲ್ಲರ ಕೂಲಿ ನಿಲ್ಲುತ್ತದೆ, ನೀವಿರುವ ಗುಡಿಸಲಿನ ಜಾಗವೂ ನನ್ನದೇ. ಹಳ್ಳಕ್ಕೆ ಬಿದ್ದ ಅಂದರೆ ಇವತ್ತೇ ಮಣ್ಣು ಮಾಡಬಹುದು ಎಂದಿದ್ದ. ಕೊಯ್ಯುತ್ತಾರೆ ಎಂಬ ಮಾತಿಗೆ ದುರ್ಗಮ್ಮ ತಲೆಯಾಡಿಸಿದ್ದಳು. ಪಂಚಾಯ್ತಿಯಲ್ಲಿ ಹಳ್ಳ ಎಂದೇ ಹೆಬ್ಬೆಟ್ಟು ಒತ್ತಿದ್ದಳು. ಕಿರಣ್‌ನನ್ನು ಶುಂಠಿ ಹೊಲದ ಮೇಲಿನ ಪಾಳು ದಿಬ್ಬದ ಹಕ್ಕಲಿನಲ್ಲಿ, ಕುರುಚಲು ಗಿಡಗಳ ನಡುವೆ, ಹೂತರು.

"ಈಗ ಬಾಯಿ ತಿರುಗಿಸಿದ್ರೆ ಸುಳ್ ಹೇಳಿಕೆ ಕೊಟ್ಟಿದ್ಕೆ ನಿಮ್ಮಿಬ್ರನ್ನೇ ಒಳಗೆ ಹಾಕ್ತಾರೆ," ಎಂದ ಮಂಜುನಾಥಪ್ಪ. ಆಮೇಲೆ ದನಿ ತಗ್ಗಿಸಿದ. "ನಾನೇ ಬರ್ತೀನಿ ಮಾರಾಯ್ತಿ. ಒಳ್ಳೆ ಜನ, ನನ್ ಹತ್ರ ಕೆಲ್ಸಕ್ಕವ್ರೆ, ಮಗು ಕೊಡಿ ಅಂತ ಒಂದ್ ಮಾತು ಹೇಳ್ತೀನಿ. ನನ್ ಮಾತು ನಡೀತದೆ. ನೀನು ಹೊಂಡದ ಸುದ್ದಿ ಎತ್ಬೇಡ, ತಪ್ಪಾತು ಅನ್ನು, ಕಾಲಿಗೆ ಬೀಳು."

ದುರ್ಗಮ್ಮನ ಎದೆ ಹಾಲು ಕಟ್ಟಿ ಕಲ್ಲಾಗಿತ್ತು. ಆತು ಒಡೇರೆ ಎಂದಳು.

*

ಕಮಿಟಿಯ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಅಧ್ಯಕ್ಷ ಮಧುಸೂದನ ಎಂಬವರು, ಪಾಠ ಹೇಳಿ ನಿವೃತ್ತರಾದವರು. ಅವರ ಪಕ್ಕದಲ್ಲಿ ವಿನಯಾ. ಮಂಜುನಾಥಪ್ಪನಿಗೆ ಕುರ್ಚಿ ಕೊಟ್ಟರು. ಗಂಡ ಹೆಂಡತಿ ಗೋಡೆಗೆ ನಿಂತರು.

ಆಯಾ ಒಬ್ಬಳು ಮಗುವನ್ನು ತಂದಳು. ಗುಲಾಬಿ ಬಣ್ಣದ ಹೊಸ ಫ್ರಾಕು. ತಲೆ ನುಣ್ಣಗೆ ಬೋಳು.

ಭೂತಪ್ಪ ಒಂದು ಹೆಜ್ಜೆ ಮುಂದೆ ಬಂದ. ಅಷ್ಟು ದಿನ ಬಾಯಿ ಬಿಡದವನು ಕೇಳಿದ: "ಕೂದ್ಲು?"

"ಹೇನಿತ್ತು, ಬೋಳಿಸಿದ್ವಿ," ಎಂದಳು ವಿನಯಾ.

"ಜವಳ ಅದು ಮೇಡಮ್ಮೋರೆ. ಹುಟ್ಟುಗೂದ್ಲು. ಊರಮ್ಮಂಗೆ ಹರಕೆ ಹೇಳ್ಕಂಡಿದ್ವಿ. ಕೂಸಿನ ಸೋದ್ರಮಾವ ತೊಡೆ ಮ್ಯಾಲೆ ಕೂರಿಸ್ಕಂಡು ತೆಗಿಬೇಕಿತ್ತು." ಅವನು ತನ್ನ ಎರಡೂ ಅಂಗೈ ಚಾಚಿದ. "ಆ ಕೂದ್ಲಾದ್ರೂ ಕೊಡ್ರಿ."

"ಕಸಕ್ಕೆ ಹೋಗಿರುತ್ತಪ್ಪ. ಅದನ್ನೆಲ್ಲ ಎತ್ತಿಡ್ತಾರಾ ಯಾರಾದ್ರೂ?"

ಮಧುಸೂದನ ನಕ್ಕರು. "ಹೇನಿನ ಸಮೇತ ದೇವರಿಗೆ ಕೊಡ್ತಿದ್ಯಾ?"

ಮಂಜುನಾಥಪ್ಪನೂ ನಕ್ಕ. ವರದಾ ಎಲ್ಲರ ಮುಖ ನೋಡಿತು. ತಾಯಿಯನ್ನು ಕಂಡದ್ದೇ ಆಯಾಳ ಕಂಕುಳಿನಿಂದ ಜೋತು ಎರಡೂ ಕೈ ಚಾಚಿತು. "ಈಗ ಎತ್ಕೋಬೇಡ, ಆಮೇಲೆ ಬಿಡೋದು ಕಷ್ಟ," ಎಂದು ಆಯಾ ಮಗುವನ್ನು ಹೊರಗೊಯ್ದಳು. ಅಳು ಕಾರಿಡಾರಿನುದ್ದಕ್ಕೂ ಕೇಳಿ, ಒಂದು ಬಾಗಿಲು ಮುಚ್ಚಿದ ಮೇಲೆ ನಿಂತಿತು. ದುರ್ಗಮ್ಮನ ರವಿಕೆ ಒದ್ದೆಯಾಯಿತು. ಸೆರಗು ಎಳೆದು ಮುಚ್ಚಿಕೊಂಡಳು.

"ಮಗು ಬಿಚ್ಚಿಕೊಳ್ಳಲಾಗದಂತೆ ಬೆನ್ನಿಗೆ ಗಂಟು ಹಾಕಿದ್ದಾಗಿ ತಾಯಿಯೇ ಒಪ್ಪಿದ್ದಾಳೆ ಸರ್," ಎಂದು ವಿನಯಾ ಓದಿದಳು.

"ಫೋಟೊದಲ್ಲಿ ಹಿಂದೆ ಒಂದು ಹೊಂಡ ಕಾಣುತ್ತಲ್ಲ," ಎಂದರು ಮಧುಸೂದನ.

ಮಂಜುನಾಥಪ್ಪ ಎದ್ದು ಮೊಬೈಲು ಮುಂದೆ ಹಿಡಿದ. "ಬೇಲಿ ಐತೆ ಸಾರ್. ಫೋಟೊದಾಗೆ ಬಲೆ ಬಿದ್ದಿಲ್ಲ ಅಷ್ಟೆ. ನೋಡಿ, ನಾಲ್ಕೂ ಕಡೆ. ನಾನು ಹತ್ತ್ ಸಲ ಹೇಳ್ದೆ, ಮಗೂನ ಕಟ್ಬ್ಯಾಡ್ರೇ ಅಂತ. ಈ ಜನಕ್ಕೆ ಬುದ್ಧಿ ಬರಲ್ಲ. ಮೊದ್ಲನೇದೂ ಹಿಂಗೇ, ನೋಡ್ಕಳದೆ ಬಿಟ್ಟು, ಹಳ್ಳಕ್ಕೆ ಬಿದ್ದು ಸತ್ತೋತು."

ವಿನಯಾ ಪೆನ್ನು ಎತ್ತಿದಳು. "ಮೊದಲನೇ ಮಗುವಾ?"

ದುರ್ಗಮ್ಮ ಮಂಜುನಾಥಪ್ಪನನ್ನು ನೋಡಿದಳು. ಅವನು ಫ್ಯಾನು ನೋಡುತ್ತಿದ್ದ. ಕಾಲಿಗೆ ಬೀಳಬೇಕು ಎಂದುಕೊಂಡು ಬಂದಿದ್ದವಳ ಮಂಡಿ ಬಗ್ಗಲಿಲ್ಲ.

"ಹಳ್ಳಕ್ಕೆ ಬಿದ್ದಿಲ್ಲ," ಎಂದಳು. "ಇವ್ನ ಹೊಂಡಕ್ಕೆ ಬಿದ್ದ ನನ್ ಮಗ. ಬೇಲಿ ಇರ್ಲಿಲ್ಲ. ಈ ಸೂಳೆಮಗ ಬೇಲಿ ಹಾಕಿದ್ದು ನೀವು ನನ್ ಕೂಸು ಎತ್ಕಂಡ್ ಹೋದ್ ಮಾರ್ನೇ ದಿನ."

"ಏಯ್! ಬಾಯಲ್ಲಿ ಹಿಡಿತ ಇರಲಿ," ಎಂದರು ಮಧುಸೂದನ. "ಪಂಚಾಯ್ತಿಯಲ್ಲಿ ಏನಂತ ಬರೆಸಿದ್ದೆ?"

"ಹಳ್ಳ ಅಂತ."

"ಸತ್ತ ಮಗನ ವಿಷಯದಲ್ಲಿ ಸುಳ್ಳು ಹೇಳಿದೋಳು, ಬದುಕಿರೋ ಮಗಳ ವಿಷಯದಲ್ಲಿ ನಿಜ ಹೇಳ್ತೀಯ ಅಂತ ಯಾಕೆ ನಂಬಲಿ?"

"ಅವ್ನು ಹೇಳ್ಸಿದ್ದ."

"ಸಾಕ್ಷಿ ಏನು? ಪೋಸ್ಟ್‌ಮಾರ್ಟಮ್ ಆಗಿಲ್ಲ. ಡಾಕ್ಟರು ನೋಡಿಲ್ಲ. ಹೂತು ಹಾಕಿ ಕೂತಿದೀರಿ. ಮಣ್ಣೊಳಗೆ ಇರೋದನ್ನ ನಾವು ಹೇಗಮ್ಮ ನೋಡೋದು?"

ದುರ್ಗಮ್ಮ ಅವರ ಮುಂದಿನ ಮೇಜನ್ನು ನೋಡಿದಳು.

ತೀರ್ಮಾನ ಹೇಳುವುದು ಬೇಗ ಮುಗಿಯಿತು. ಮಗು ಸರ್ಕಾರದ ಮಕ್ಕಳ ಕೇಂದ್ರದಲ್ಲಿಯೇ ಇರುತ್ತದೆ. ಒಂದು ಮಗು ಸತ್ತಿದೆ, ಇನ್ನೊಂದನ್ನು ಕಟ್ಟಿ ಹಾಕಿದ್ದಾರೆ. ತಂದೆತಾಯಿ ಯೋಗ್ಯರು ಅನ್ನಿಸದೆ ಇದ್ದರೆ ದತ್ತು ಕೊಡುವ ದಾರಿ ನೋಡಬೇಕಾಗುತ್ತದೆ. ಹೊರಗೆ ಬಂದಾಗ ವಿನಯಾ ದನಿ ಮೆತ್ತಗೆ ಮಾಡಿ ಹೇಳಿದಳು: "ಹಠ ಮಾಡಬೇಡ ದುರ್ಗಮ್ಮ. ಬೆಂಗಳೂರಲ್ಲಿ ಒಳ್ಳೊಳ್ಳೆ ಮನೆಯೋರು ಕಾಯ್ತಿದಾರೆ. ಎ.ಸಿ. ರೂಮಲ್ಲಿ ಬೆಳೆಯುತ್ತೆ. ನಿನಗೆ ಇನ್ನೂ ವಯಸ್ಸಿದೆ, ಬೇಕಾದ್ರೆ ಇನ್ನೊಂದು ಹೆತ್ಕೋ."

*

ಬಸ್ಸು ಇಳಿದ ದುರ್ಗಮ್ಮ ಗುಡಿಸಲಿಗೆ ಹೋಗಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ನೇರವಾಗಿ ಶುಂಠಿ ಹೊಲಕ್ಕೆ ನಡೆದಳು. ಸಾಲಿನವರು ಕೆಲಸ ನಿಲ್ಲಿಸಿ, "ಎಂತಾತೇ? ಕೂಸು ಕೊಟ್ರಾ?" ಎಂದರು. ಉತ್ತರ ಕೊಡದೆ, ಭೂತಪ್ಪ ದಿನವೂ ಹಿಡಿಯುತ್ತಿದ್ದ ಗುದ್ದಲಿಯನ್ನು ರಾಶಿಯ ಬದಿಯಿಂದ ಎತ್ತಿಕೊಂಡು ಹಕ್ಕಲು ಹತ್ತಿದಳು.

ನರಿ ನಾಯಿ ಕೆದಕದಿರಲೆಂದು ಕಿರಣ್‌ನ ಮೇಲೆ ಮುಳ್ಳು ಹೊರೆ, ಅದರ ಮೇಲೆ ಕಲ್ಲು ಹೇರಿದ್ದರು. ಕಲ್ಲುಗಳನ್ನು ಒಂದೊಂದಾಗಿ ಇಳಿಸಿದಳು. ಮುಳ್ಳನ್ನು ಬರಿಗೈಯಲ್ಲೇ ಎಳೆದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಗುದ್ದಲಿ ಎತ್ತಿದಳು.

ಹುಚ್ಚಮ್ಮ ಏದುತ್ತ ಹತ್ತಿ ಬಂದಳು. "ಏ ದುರ್ಗಿ, ಹುಚ್ಚು ಹಿಡೀತೇನೆ? ಎಂತ ಮಾಡ್ತಿದೀಯೇ?"

"ಮಣ್ಣೊಳಗಿದ್ರೆ ಕಾಣಲ್ಲಂತೆ ಅವ್ರಿಗೆ," ಎಂದಳು ದುರ್ಗಮ್ಮ. ಮಣ್ಣು ಎಳೆದಳು. "ತಗಂಡ್ ಹೋಗಿ ಮೇಜಿನ ಮ್ಯಾಲೆ ಇಡ್ತೀನಿ. ಡಾಕ್ಟ್ರು ಕೊಯ್ದು ನೋಡ್ಲಿ. ಅವತ್ತು ಕೊಯ್ತಾರೆ ಅಂತ ಹೆದ್ರಿದೆ. ಈಗ ಕೊಯ್ಲಿ."

"ವರ್ಷ ಆತಲ್ಲೇ ಮಾರಾಯ್ತಿ. ನಿನ್ ಕಣ್ಣಾಗೆ ನೋಡಕ್ಕಾತದಾ?"

"ಇರೋದು ಬೇಕು ನಂಗೆ."

ಸುದ್ದಿ ಹೋಗಿ ಮಂಜುನಾಥಪ್ಪನ ಜೀಪು ಹೊಲದೊಳಗೇ ನುಗ್ಗಿ ಬಂತು. ಕಮಿಟಿಗೆ ಹಾಕಿಕೊಂಡು ಹೋಗಿದ್ದ ಬಿಳಿ ಅಂಗಿ ಇನ್ನೂ ಬಿಚ್ಚಿರಲಿಲ್ಲ. ಇಳಿದು ಶುಂಠಿಯ ಮೇಲೆ ಹಾರುತ್ತ, ಎಡವುತ್ತ, ಹಕ್ಕಲಿನ ಬುಡದಲ್ಲಿ ನಿಂತು ಕೂಗಿದ: "ಏಯ್ ಲೌಡಿ, ನಿಲ್ಸೇ! ನನ್ ಜಾಗದಾಗೆ ಹೆಣ ಅಗೀತೀಯಾ? ಹಿಡೀರೇ ಅವಳನ್ನ! ಗುದ್ಲಿ ಕಸೀರೋ!"

ಗಂಡಾಳುಗಳು ಕೀಳುತ್ತಿದ್ದ ಶುಂಠಿಯ ಮಧ್ಯೆ ನಿಂತಿದ್ದರು. ಒಬ್ಬ ಬೀಡಿ ಹಚ್ಚಿದ. ಹೆಂಗಸರ ಸಾಲಿನಲ್ಲಿ ಒಬ್ಬಳೂ ಎದ್ದೇಳಲಿಲ್ಲ. ಹುಚ್ಚಮ್ಮ ಅಲ್ಲೇ ಒಂದು ಕಲ್ಲಿನ ಮೇಲೆ ಕೂತು, ಅವನಿಗೆ ಬೆನ್ನು ತಿರುಗಿಸಿ, ಎಲೆಗೆ ಸುಣ್ಣ ಹಚ್ಚತೊಡಗಿದಳು.

"ನಾಳೆಯಿಂದ ಒಬ್ರೂ ಬರ್ಬ್ಯಾಡಿ! ಎಲ್ರ ಗುಡಿಸ್ಲೂ ಕಿತ್ತಾಕಿಸ್ತೀನಿ ಬೇವರ್ಸಿಗಳಾ!"

ಬೀಡಿಯ ಹೊಗೆ ಮೇಲೆ ಹೋಯಿತು. ಗುದ್ದಲಿ ಮಣ್ಣಿಗೆ ಬೀಳುತ್ತಲೇ ಇತ್ತು.

ಆಗ ಭೂತಪ್ಪ ಬಂದ. ಬಸ್‌ಸ್ಟ್ಯಾಂಡಿನಿಂದ ಹೆಂಡತಿಯ ಹಿಂದೆ ನಡೆದವನು ಹಕ್ಕಲಿನ ಕೆಳಗೆ ಇಷ್ಟು ಹೊತ್ತು ಕುಕ್ಕರುಗಾಲಿನಲ್ಲಿ ಕೂತಿದ್ದ. ಮಂಜುನಾಥಪ್ಪ ಅವನ ರಟ್ಟೆ ಹಿಡಿದ. "ಗಂಡ್ಸಾಗಿ ಹುಟ್ಟೀಯೇನೋ? ಎಳ್ಕಂಡ್ ಬಾರೋ ಅವಳನ್ನ!"

ಭೂತಪ್ಪ ಆ ಕೈಯನ್ನು ನೋಡಿದ. ಬೆರಳು ಒಂದೊಂದಾಗಿ ಬಿಡಿಸಿ ಕೆಳಗಿಟ್ಟ. ಹಕ್ಕಲು ಹತ್ತಿ, ಹೆಂಡತಿಯ ಎದುರು ಬದಿಗೆ ಹೋಗಿ ಮಂಡಿಯೂರಿದ.

"ಅತ್ಲಾಗೆ ಅವ್ನ ತಲೆ," ಎಂದ. "ಈ ಕಡೆಯಿಂದ ಅಗಿ. ಮೆಲ್ಲಗೆ."

ಅವಳು ಈ ಕಡೆಗೆ ಬಂದಳು. ಅವಳು ಸಡಿಲಿಸಿದ ಮಣ್ಣನ್ನು ಅವನು ಎರಡೂ ಕೈಯಿಂದ ಬಾಚಿ ಬದಿಗೆ ಹಾಕುತ್ತ ಹೋದ.